ತಂಬಾಕಿನ ಸೀಮೆಯ ಕೈಗಳು

ನಿಪ್ಪಾಣಿ ಎಂದರೆ ನಮ್ಮ ಪತ್ರಿಕೆಗಳಿಗೆ ನವೆಂಬರ್ ತಿಂಗಳಲ್ಲಿ ನೆನಪಾಗುವ ಊರು. 1956ರಲ್ಲಿ ಮುಂಬಯಿ ರಾಜ್ಯದಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ್ದು, 1967ರಲ್ಲಿ ಮಹಾಜನ ಆಯೋಗ ಅದನ್ನು ಮಹಾರಾಷ್ಟ್ರಕ್ಕೆ ಕೊಡಲು ಹೇಳಿದ್ದು, ಆ ವರದಿಯನ್ನು ಮಹಾರಾಷ್ಟ್ರವೇ ಒಪ್ಪದೆ ಹೋದದ್ದು, 2004ರಲ್ಲಿ ತಕರಾರು ಸುಪ್ರೀಂ ಕೋರ್ಟಿಗೆ ಹೋದದ್ದು, ಇವೆಲ್ಲ ವರ್ಷಕ್ಕೊಮ್ಮೆ ತಪ್ಪದೆ ಅಚ್ಚಾಗುತ್ತವೆ. ಆ ಊರಿನ ಸುತ್ತಲಿನ ಹಳ್ಳಿಗಳ ಜನ ಏನು ಬೆಳೆದು ಬದುಕಿದರು, ಬೆಳೆದದ್ದಕ್ಕೆ ಅವರಿಗೆ ಏನು ಸಿಕ್ಕಿತು ಎಂಬುದು ಅಚ್ಚಾಗುವುದು ಅಪರೂಪ.

ಕರಾವಳಿಯ ಓದುಗರಿಗೆ ಮಾತ್ರ ನಿಪ್ಪಾಣಿಯ ಪರಿಚಯ ಬೇರೆ ದಾರಿಯಿಂದ ಆಗಿದೆ. ಮಂಗಳೂರು, ಉಡುಪಿ, ಕಾಸರಗೋಡಿನ ಮನೆಗಳ ಜಗುಲಿಯಲ್ಲಿ ಕುಳಿತು ಬೀಡಿ ಕಟ್ಟಿದ ತಾಯಂದಿರ ಮಡಿಲಿನ ಮೊರದಲ್ಲಿ ಎಲೆಯ ಜೊತೆಗೆ ಇರುತ್ತಿದ್ದ ಪುಡಿ ಎಲ್ಲಿಯದು? ಒಂದೋ ಅದು ಗುಜರಾತಿನ ಚರೋತರದ್ದು, ಇಲ್ಲವೇ ನಿಪ್ಪಾಣಿಯದು. ಹಿಂದೂಸ್ತಾನದಲ್ಲಿ ಬೀಡಿ ತಂಬಾಕಿಗೆ ಹೆಸರಾದ ಸೀಮೆಗಳು ಮುಖ್ಯವಾಗಿ ಈ ಎರಡೇ. ನಮ್ಮಲ್ಲಿ ಅದಕ್ಕೆ ಜರ್ದಾ ಎನ್ನುತ್ತಾರೆ. ಬ್ಯಾರಿ ಮನೆಯ ತಾಯಿ ಮತ್ತು ನಿಪ್ಪಾಣಿಯ ದಖನಿ ಮಾತನಾಡುವ ಮನೆಯ ತಾಯಿ ಒಬ್ಬರನ್ನೊಬ್ಬರು ನೋಡಿದವರಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದೂ ಇಲ್ಲ. ಆದರೆ ಇಬ್ಬರ ಕೆಮ್ಮೂ ಒಂದೇ ಹೊಲದಿಂದ ಬಂದದ್ದು.

ಈ ಹೊಲಗಳು ಇರುವುದು ವೇದಗಂಗಾ ಮತ್ತು ದೂಧಗಂಗಾ ನದಿಗಳ ಆಸುಪಾಸಿನಲ್ಲಿ. ಅಕ್ಕೋಳ, ಗಳತಗಾ, ಭೋಜ, ಬೇಡಕಿಹಾಳ, ಕಾರದಗಾ, ಮಾಂಗೂರ, ಸೌಂದಲಗಾ, ಕೊಗನೊಳ್ಳಿ, ಕುರ್ಲಿ, ಅತ್ತ ಸದಲಗಾ, ಯಕ್ಸಂಬಾ. 2018ರವರೆಗೆ ಇವೆಲ್ಲ ಚಿಕ್ಕೋಡಿ ತಾಲೂಕಿನ ಹಳ್ಳಿಗಳು. ಆಮೇಲೆ ನಿಪ್ಪಾಣಿ ತಾಲೂಕು ಬೇರೆಯಾಗಿ ಹಲವು ಅದಕ್ಕೆ ಸೇರಿದವು. ಅದೇ ಹೊತ್ತಿಗೆ ಅಥಣಿಯಿಂದ ಕಾಗವಾಡವೂ ಬೇರೆಯಾಯಿತು. ಊರೊಳಗೆ ಮರಾಠರು, ಲಿಂಗಾಯತರು, ಚತುರ್ಥ ಜೈನರು, ಧನಗರರು, ದಲಿತರು, ಮತ್ತೆ ನಾವು: ಮುಲ್ಲಾ, ಮುಜಾವರ, ಜಮಾದಾರ, ಪಠಾಣ, ತಾಂಬೋಳಿ. ಮನೆಯಲ್ಲಿ ದಖನಿ, ಓಣಿಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಮದ್ರಸಾದಲ್ಲಿ ಉರ್ದು. ಎತ್ತಿಗೆ ಮಾತ್ರ ಎಲ್ಲರೂ ಒಂದೇ ಭಾಷೆಯಲ್ಲಿ ಬೈಯುತ್ತಾರೆ.

ತಂಬಾಕು ಈ ನೆಲದ್ದಲ್ಲ. ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂತು, ಘಟ್ಟ ಹತ್ತಿತು. ಗೋವಾದಿಂದ ಬಿಜಾಪುರಕ್ಕೆ ಹೋಗುವ ವ್ಯಾಪಾರಿಗಳಿಗೆ ಆ ಕಾಲದಲ್ಲಿ ರಾಯಬಾಗ ಮತ್ತು ಅಥಣಿ ದೊಡ್ಡ ಪೇಟೆಗಳು. ಹೀಗೆ ನಮ್ಮ ಸೀಮೆಯನ್ನು ಹಾದು ಆದಿಲಶಾಹಿ ರಾಜಧಾನಿಗೆ ಹೋದ ಸೊಪ್ಪು ಅಲ್ಲಿಂದ ಮೊಗಲ ದರ್ಬಾರಿಗೆ ಹೋದ ಕತೆಯನ್ನು ಅಸದ್ ಬೇಗ್ ಕಜ್ವೀನಿ ಫಾರ್ಸಿಯಲ್ಲಿ ಬರೆದಿಟ್ಟಿದ್ದಾನೆ. ಅವನು ಅಕ್ಬರನ ದೂತ. ಜಗದ್ಗುರು ಬಾದಶಹನೆಂದು ನಾವು ಕರೆಯುವ ಎರಡನೆಯ ಇಬ್ರಾಹೀಂ ಆದಿಲ್‌ಶಾಹನ ಮಗಳನ್ನು ಶಹಜಾದಾ ದಾನಿಯಾಲನಿಗೆ ತರುವ ಕೆಲಸದ ಮೇಲೆ 1603-04ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದ. ಅಲ್ಲಿ ತಂಬಾಕನ್ನು ಕಂಡ. ಉತ್ತರದಲ್ಲಿ ಇಂಥದ್ದನ್ನು ನೋಡಿರಲಿಲ್ಲವಾದ್ದರಿಂದ ಸ್ವಲ್ಪ ಕಟ್ಟಿಸಿಕೊಂಡು, ಒಂದು ಚೆಂದದ ಸೇದುವ ಕೊಳವೆಯನ್ನೂ ಮಾಡಿಸಿಕೊಂಡು ಆಗ್ರಾಕ್ಕೆ ಹೋಗಿ ಬಾದಶಹನ ಮುಂದಿಟ್ಟ. ಅಕ್ಬರ್ ಇದೇನೆಂದು ಕೇಳಿದಾಗ ಖಾನ್-ಎ-ಆಜಮ್, ಇದು ತಂಬಾಕು, ಮಕ್ಕಾ ಮದೀನಾಗಳಲ್ಲಿ ಬಲ್ಲವರಿದ್ದಾರೆ, ಹುಜೂರರಿಗೆ ಔಷಧಿಯೆಂದು ತಂದಿದ್ದಾನೆ ಎಂದನಂತೆ. ಬಾದಶಹ ಒಂದೆರಡು ದಮ್ಮು ಎಳೆದ. ಹಕೀಮನೊಬ್ಬ ಅಡ್ಡ ಬಂದ. ನಮ್ಮ ಗ್ರಂಥಗಳಲ್ಲಿ ಇಲ್ಲದ ವಸ್ತು, ಗುಣದೋಷ ತಿಳಿಯದೆ ಸೇದಬಾರದು ಎಂದ. ಅಸದ್ ಬೇಗ್ ವಾದಕ್ಕೆ ನಿಂತ: ಹೊಸದೆಂಬ ಒಂದೇ ಕಾರಣಕ್ಕೆ ಬಿಡುವುದಾದರೆ ಲೋಕದಲ್ಲಿ ಯಾವ ಔಷಧಿ ಮೊದಲು ಹೊಸದಾಗಿರಲಿಲ್ಲ? ಅಕ್ಬರ್ ಮತ್ತೆ ಸೇದಲಿಲ್ಲ. ಅಮೀರರು ಬಿಡಲಿಲ್ಲ. ವ್ಯಾಪಾರಿಗಳು ತರತೊಡಗಿದರು.

ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ತುರ್ಕಿಯಲ್ಲಿ ಸುಲ್ತಾನ್ ನಾಲ್ಕನೆಯ ಮುರಾದ್ 1633ರಲ್ಲಿ ಸೇದುವವರಿಗೆ ಮರಣದಂಡನೆಯನ್ನೇ ಹೇರಿದ. ಉಲಮಾಗಳಲ್ಲಿ ಕೆಲವರು ಹರಾಮ್ ಎಂದರು, ಕೆಲವರು ಮಕ್ರೂಹ್ ಎಂದರು, ದಮಾಸ್ಕಸ್ಸಿನ ಅಬ್ದುಲ್ ಗನೀ ನಾಬುಲುಸಿಯಂಥ ಸೂಫಿ ವಿದ್ವಾಂಸರು ಮುಬಾಹ್ ಎಂದು ಪುಸ್ತಕವನ್ನೇ ಬರೆದರು. ಉರ್ದು ಓದಿದ ನಮ್ಮಂಥವರಿಗೆ ಈ ವಾದಗಳೆಲ್ಲ ರುಚಿಸುತ್ತವೆ. ಆದರೆ ಈ ನಾಲ್ಕು ನೂರು ವರ್ಷಗಳ ಚರ್ಚೆಯಲ್ಲಿ ಸೇದುವವನಿದ್ದಾನೆ, ಮಾರುವವನಿದ್ದಾನೆ, ಸುಂಕ ಎತ್ತುವವನಿದ್ದಾನೆ, ಫತ್ವಾ ಕೊಡುವವನಿದ್ದಾನೆ. ಬೆಳೆದವನೂ ಇಲ್ಲ, ಜರಡಿ ಹಿಡಿದವಳೂ ಇಲ್ಲ. ನಾವು ಬರೆಯಹೊರಟಿರುವುದು ಅವರ ಬಗ್ಗೆ.

ನಿಪ್ಪಾಣಿ ಪಟ್ಟಣವಾದದ್ದು ನಿಂಬಾಳಕರ ದೇಸಾಯಿ ಮನೆತನದ ಕಾಲದಲ್ಲಿ. ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಸಿದ್ಧೋಜಿರಾವ್ ನಿಂಬಾಳಕರ್ ಹೆಸರು ಮಾಡಿದ ಸರದಾರ. ಅವನು ತೀರಿಕೊಂಡ ಮೇಲೆ 1839ರಲ್ಲಿ ಸಂಸ್ಥಾನವನ್ನು ಕಂಪನಿ ಸರ್ಕಾರ ನುಂಗಿತು. ಅದು ಇಲ್ಲಿಗೆ ಸಾಕು. ನಮ್ಮ ಕತೆಗೆ ಮುಖ್ಯವಾದದ್ದು ದೂರದ ಇನ್ನೊಂದು ಘಟನೆ. 1899-1900ರಲ್ಲಿ ಗುಜರಾತಿನಲ್ಲಿ ಭಾರಿ ಬರ ಬಿತ್ತು. ಅಲ್ಲಿಂದ ಗುಳೆ ಎದ್ದ ಕೆಲವು ಕುಟುಂಬಗಳು ಜಬಲಪುರದ ಕಾಡುಗಳ ತೆಂದು ಎಲೆಯಲ್ಲಿ ತಂಬಾಕು ಸುತ್ತಿ ಮಾರುವುದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿಲಾಯತಿ ಸಿಗರೇಟಿಗೆ ಎದುರಾಗಿ ಬೀಡಿಗೆ ಮಾನ ಬಂತು. ಬೀಡಿ ಏರಿದಂತೆ ಅದಕ್ಕೆ ಹೊಂದುವ ಖಾರದ ತಂಬಾಕಿಗೆ ಬೇಡಿಕೆ ಏರಿತು, ನಿಪ್ಪಾಣಿಯಲ್ಲಿ ಗುಜರಾತಿ ವ್ಯಾಪಾರಿಗಳ ವಖಾರಿಗಳು ಎದ್ದವು. ರೈಲು ಬಾರದ ಊರಿದು, ಇಂದಿಗೂ ಬಂದಿಲ್ಲ. ಇದ್ದದ್ದು ಪುಣೆ-ಬೆಂಗಳೂರು ರಸ್ತೆಯೊಂದೇ. ಆ ರಸ್ತೆಯ ಮಾತು ಮುಂದೆ ಬರುತ್ತದೆ.

ತಂಬಾಕಿನ ಬೀಜವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಅದು ಬೀಜವೋ ಧೂಳೋ ತಿಳಿಯುವುದಿಲ್ಲ. ಒಂದು ಗ್ರಾಂ ತೂಕದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಬೀಜಗಳಿರುತ್ತವೆ. ಮುಂಗಾರಿಗೆ ಮುಂಚೆ ಮಡಿಯಲ್ಲಿ ಬಿತ್ತಿ, ಮಳೆ ಹಿಡಿದ ಮೇಲೆ, ಹೆಚ್ಚುಕಡಿಮೆ ಆಗಸ್ಟಿನಲ್ಲಿ, ಸಸಿಯನ್ನು ಕಿತ್ತು ಹೊಲದಲ್ಲಿ ನೆಡುತ್ತಾರೆ. ಗಿಡ ಮೊಗ್ಗು ಬಿಡುವ ಹೊತ್ತಿಗೆ ಅದರ ಕುಡಿ ಚಿವುಟಬೇಕು, ಹೂವಿಗೆ ಹೋಗುವ ಸತ್ವ ಎಲೆಗೆ ಇಳಿಯಲೆಂದು. ಕುಡಿ ಹೋದ ಗಿಡ ಸುಮ್ಮನಿರುವುದಿಲ್ಲ, ಎಲೆಯ ಸಂದುಗಳಲ್ಲೆಲ್ಲ ಹೊಸ ಚಿಗುರು ಒಡೆಯುತ್ತದೆ. ಅದನ್ನು ಒಂದೊಂದಾಗಿ ಮುರಿಯಬೇಕು. ಒಮ್ಮೆ ಅಲ್ಲ, ವಾರ ಬಿಟ್ಟು ವಾರ. ಈ ಕೆಲಸ ಹೆಂಗಸರದು, ಮಕ್ಕಳದು. ಎಲೆಯ ಅಂಟು ಬೆರಳಿಗೆ ಮೆತ್ತಿ ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬುತ್ತಿಯ ರೊಟ್ಟಿ ಕಹಿಯಾಗುತ್ತದೆ. ಇಬ್ಬನಿಯಲ್ಲಿ ತೊಯ್ದ ಹೊಲಕ್ಕೆ ಇಳಿದವರಿಗೆ ತಲೆ ಸುತ್ತು, ವಾಂತಿ. ಹಸಿ ಎಲೆಯ ವಿಷ ಚರ್ಮದ ಮೂಲಕವೇ ಒಳಗಿಳಿಯುತ್ತದೆಂದು ಈಗ ವೈದ್ಯರು ಹೇಳುತ್ತಾರೆ. ಆಗ ಅದಕ್ಕೆ ದೃಷ್ಟಿ ತೆಗೆಯುತ್ತಿದ್ದರು.

ಎಲೆಯ ಮೇಲೆ ಕೆಂಪು ಕಂದು ಚುಕ್ಕಿ ಎದ್ದರೆ ಬೆಳೆ ಬಲಿತಂತೆ. ಚಳಿಗಾಲದಲ್ಲಿ ಗಿಡ ಕಡಿದು ಹೊಲದಲ್ಲೇ ಹರವಿ, ಬಿಸಿಲಿಗೆ ಒಣಗಿಸಿ, ಮಗ್ಗುಲು ಹೊರಳಿಸಿ, ಕಡ್ಡಿ ಬೇರೆ ಎಲೆ ಬೇರೆ ಮಾಡಿ ಚೀಲ ತುಂಬಿದರೆ ರೈತನ ಪಾಲು ಮುಗಿಯಿತು. ನಡುವೆ ಅಕಾಲದಲ್ಲಿ ಒಂದು ಮಳೆ ಹನಿದರೆ ಎಂಟು ತಿಂಗಳ ಕೆಲಸ ಗೊಬ್ಬರ. ಮಳೆ ತಪ್ಪಿಸಿಕೊಂಡರೆ ದಲ್ಲಾಳಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಜೋಳವಾದರೆ ಬೆಲೆ ಬಾರದ ವರ್ಷ ಮನೆಯವರು ತಿನ್ನಬಹುದು, ಹಗೇವಿನಲ್ಲಿ ಹಾಕಬಹುದು. ತಂಬಾಕನ್ನು ತಿನ್ನುವ ಹಾಗಿಲ್ಲ, ಬಹಳ ದಿನ ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಕೊಳ್ಳುವವನಿಗೆ ಇದು ಚೆನ್ನಾಗಿ ಗೊತ್ತಿತ್ತು. ತೇವ ಎಂದು ಇಷ್ಟು, ಮಣ್ಣು ಎಂದು ಇಷ್ಟು ತೂಕ ಮುರಿದು, ಹಣಕ್ಕೆ ತಿಂಗಳುಗಟ್ಟಲೆ ತಿರುಗಿಸುತ್ತಿದ್ದರೆಂದು ನಮ್ಮ ಹಿರಿಯರೆಲ್ಲ ಹೇಳುತ್ತಾರೆ.

ಇದರ ಮೇಲೆ ಸರ್ಕಾರ. 1943ರಲ್ಲಿ, ಎರಡನೆಯ ಮಹಾಯುದ್ಧದ ಖರ್ಚಿನ ಕಾಲದಲ್ಲಿ, ಬ್ರಿಟಿಷರು ತಂಬಾಕಿನ ಮೇಲೆ ಅಬಕಾರಿ ಸುಂಕ ಹಾಕಿದರು. ಎಷ್ಟು ಬಿತ್ತಿದೆ, ಎಷ್ಟು ಒಣಗಿಸಿದೆ, ಯಾರಿಗೆ ಮಾರಿದೆ ಎಂದು ರೈತ ಇನ್‌ಸ್ಪೆಕ್ಟರನಿಗೆ ಲೆಕ್ಕ ಒಪ್ಪಿಸಬೇಕಾಯಿತು. ತನ್ನದೇ ಹೊಲದಲ್ಲಿ ಅವನು ಕಳ್ಳನಂತೆ ನಿಲ್ಲಬೇಕಾದ ಸ್ಥಿತಿ. ಸ್ವಾತಂತ್ರ್ಯ ಬಂದ ಮೇಲೂ ಇದು ಮೂವತ್ತು ವರ್ಷ ನಡೆಯಿತು. ಚೌಧರಿ ಚರಣ್ ಸಿಂಗ್ ಹಣಕಾಸು ಮಂತ್ರಿಯಾಗಿ 1979ರ ಬಜೆಟ್ಟಿನಲ್ಲಿ ಎಲೆ ತಂಬಾಕಿನ ಸುಂಕ ತೆಗೆದುಹಾಕಿದರು. ಇತ್ತ 1975ರ ಕಾನೂನಿನಿಂದ ತಂಬಾಕು ಮಂಡಳಿ ಗುಂಟೂರಿನಲ್ಲಿ ಹುಟ್ಟಿತ್ತು, ಆದರೆ ಅದರ ಕಣ್ಣು ಸಿಗರೇಟಿನ ವರ್ಜೀನಿಯಾ ತಂಬಾಕಿನ ಮೇಲೆ. ಮೈಸೂರು ಕಡೆಯ ಹುಣಸೂರು, ಪಿರಿಯಾಪಟ್ಟಣದ ರೈತನಿಗೆ ಹರಾಜು ಕಟ್ಟೆಯಾದರೂ ಬಂತು. ಬಡವರು ಸೇದುವ ಬೀಡಿಯ ತಂಬಾಕಿಗೆ ಬರಲಿಲ್ಲ. ಎಲೆಯಲ್ಲೂ ವರ್ಣಭೇದ ಎಂದು ನಮಗೆ ಅನ್ನಿಸುವುದುಂಟು.

ಈಗ ವಖಾರಿಯ ಒಳಗೆ ಹೋಗೋಣ. ರೈತನಿಂದ ಬಂದ ಎಲೆಯನ್ನು ಅಲ್ಲಿ ಕುಟ್ಟಿ, ಜರಡಿ ಹಿಡಿದು, ಕಡ್ಡಿ ಆರಿಸಿ, ದಪ್ಪ ಪುಡಿ ಸಣ್ಣ ಪುಡಿ ಬೇರೆ ಮಾಡಿ, ಬೇರೆ ಬೇರೆ ಹೊಲದ ಮಾಲನ್ನು ಬೆರೆಸಿ ಬೀಡಿಗೆ ಹದ ಮಾಡುತ್ತಾರೆ. ಈ ಕೆಲಸ ಮಾಡುವವರು ಹೆಂಗಸರು. ದಲಿತ ಹೆಂಗಸರು, ಮರಾಠ ಹೆಂಗಸರು, ನಮ್ಮ ಹೆಂಗಸರು. ಧೂಳು ಹಾರಿಹೋದರೆ ಮಾಲೀಕನಿಗೆ ನಷ್ಟವೆಂದು ಕಿಟಕಿ ಮುಚ್ಚಿದ ಕೋಣೆ. ಮೂಗಿಗೆ ಸೆರಗು. ಸಂಜೆ ಹೊರಗೆ ಬಂದರೆ ಕಣ್ಣಿನ ರೆಪ್ಪೆಯೂ ಕಂದು. ಬಾಣಂತಿ ಮಗುವನ್ನು ಅದೇ ಕೋಣೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಬೇಕು. ವಖಾರಿಗೆ ಹೋಗುವವರು ವಖಾರಿಯಲ್ಲಿ, ಪರ್ದಾದಿಂದ ಹೊರಬಾರದವರು ಮನೆಯಲ್ಲಿ ಬೀಡಿ ಕಟ್ಟುತ್ತ. ನಿಪ್ಪಾಣಿಯ ಮುಸಲ್ಮಾನ ಓಣಿಗಳಲ್ಲಿ ಮನೆಯ ಗಂಡಸು ಏನು ಉದ್ಯೋಗ ಮಾಡುತ್ತಾನೆಂದು ಕೇಳಿದರೆ ಹತ್ತು ಬಗೆಯ ಉತ್ತರ ಬರುತ್ತಿತ್ತು, ಒಲೆ ಉರಿಯುತ್ತಿದ್ದದ್ದು ಮಾತ್ರ ಹೆಂಗಸರ ಮೊರದಿಂದ.

ಮನೆಯಲ್ಲಿ ಕಟ್ಟುವ ಬೀಡಿಯ ಲೆಕ್ಕ ಸಾವಿರಕ್ಕೆ ಇಷ್ಟು ಎಂದು. ಎಲೆ ನೆನೆಹಾಕಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಪುಡಿ ತುಂಬಿ ಸುರುಳಿ ಸುತ್ತಿ, ಬಾಯಿ ಮಡಚಿ, ದಾರ ಕಟ್ಟಬೇಕು. ಠೇಕೇದಾರ ಕೊಡುವ ಎಲೆಯಲ್ಲಿ ಅರ್ಧ ಹರಿದದ್ದು. ಸಾವಿರ ಆಗದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಕಟ್ಟಿದ್ದರಲ್ಲಿ ಒಂದಷ್ಟು ಸರಿಯಿಲ್ಲವೆಂದು ಛಾಟ್ ತೆಗೆದು ಬದಿಗಿಡುತ್ತಾನೆ. ಅದಕ್ಕೆ ಮಜೂರಿ ಇಲ್ಲ, ಆದರೆ ಅದನ್ನು ಅವನು ಎಸೆಯುವುದೂ ಇಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಆ ಮೊಕದ್ದಮೆ ಮಂಗಳೂರು ಗಣೇಶ ಬೀಡಿಯ ಹೆಸರಿನಲ್ಲೇ ಪ್ರಸಿದ್ಧ. 1976ರಲ್ಲಿ ಕಲ್ಯಾಣ ನಿಧಿಯ ಕಾನೂನು, 1977ರಲ್ಲಿ ಭವಿಷ್ಯ ನಿಧಿ. ಕಾಗದದ ಮೇಲೆ ಬೀಡಿಯವಳಿಗೆ ಎಲ್ಲವೂ ಬಂದಿತ್ತು.

ಕಾಗದದಿಂದ ಅದನ್ನು ಕೆಳಗಿಳಿಸಲು ಹೊರಟವರು ನಿಪ್ಪಾಣಿಯ ವಖಾರಿ ಹೆಂಗಸರು. 1980ರ ಸುಮಾರಿಗೆ ಅವರು ಸಂಘ ಕಟ್ಟಿದರು. ಜೊತೆಗೆ ನಿಂತವರು ಪ್ರಾಧ್ಯಾಪಕರಾಗಿದ್ದ ಸುಭಾಷ ಜೋಶಿ. ಕೇಳಿದ್ದು ಆಕಾಶವನ್ನಲ್ಲ, ಕನಿಷ್ಠ ಕೂಲಿ, ಮನುಷ್ಯರಂತೆ ಕೂಡುವ ಜಾಗ, ಶೌಚಾಲಯ, ಮುಕಾದಮರ ಬಾಯಿ ಮತ್ತು ಕೈ ಎರಡಕ್ಕೂ ಕಡಿವಾಣ. ಸಾವಿರಾರು ಹೆಂಗಸರು ಬೀದಿಗಿಳಿದರು. ಈ ಊರಿಗೆ ಸಭೆಗಳು ಹೊಸದಲ್ಲ. 1925ರ ಏಪ್ರಿಲಿನಲ್ಲಿ ಡಾ. ಅಂಬೇಡ್ಕರ್ ಇಲ್ಲಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನಲ್ಲಿ ಮಾತನಾಡಿದ್ದರು. ಆದರೆ ಹೆಂಗಸರೇ ಮುಂದೆ, ಹೆಂಗಸರದೇ ಘೋಷಣೆ ಎಂಬ ಮೆರವಣಿಗೆಯನ್ನು ಪೇಟೆ ಹಿಂದೆ ನೋಡಿರಲಿಲ್ಲ. ಬೆಂಗಳೂರಿನ ದೀಪಾ ಧನರಾಜ್ ಮತ್ತು ಅವರ ಯುಗಾಂತರ ತಂಡದವರು ಬಂದು ಈ ಹೆಂಗಸರ ಜೊತೆಗಿದ್ದು ಮರಾಠಿಯಲ್ಲಿ ಒಂದು ಸಣ್ಣ ಚಿತ್ರ ತೆಗೆದರು. 1982ರ ಆ ಚಿತ್ರದ ಇಂಗ್ಲಿಷ್ ಹೆಸರಿಗೆ ತಂಬಾಕಿನ ಕೆಂಡ ಎಂಬ ಅರ್ಥ. 1989ರಲ್ಲಿ ಛಾಯಾ ದಾತಾರ್ ಇವರ ಸಂಘಟನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಮರಾಠಿಯಲ್ಲಿ ಚಿತ್ರ, ಇಂಗ್ಲಿಷಿನಲ್ಲಿ ಪುಸ್ತಕ. ಕನ್ನಡದಲ್ಲಿ, ಉರ್ದುವಿನಲ್ಲಿ? ನಮ್ಮ ಕಪಾಟಿನಲ್ಲಿ ಅಂಥದ್ದು ಒಂದೂ ಇಲ್ಲ.

ಇದರ ಬೆನ್ನಿಗೇ ರೈತರ ಸರದಿ. ನರಗುಂದ, ನವಲಗುಂದದಲ್ಲಿ 1980ರ ಜುಲೈ 21ರಂದು ಗುಂಡು ಹಾರಿ ಕರ್ನಾಟಕದ ರೈತ ಎಚ್ಚೆತ್ತಿದ್ದ. ಗಡಿಯಾಚೆ ಶರದ ಜೋಶಿ, ವಿದೇಶದ ದೊಡ್ಡ ಹುದ್ದೆ ಬಿಟ್ಟು ಬಂದು ಪುಣೆ ಬಳಿಯ ಚಾಕಣ ಸೀಮೆಯಲ್ಲಿ ಒಕ್ಕಲುತನ ಮಾಡುತ್ತ, ಬೆಳೆಯಲು ತಗುಲಿದ ಖರ್ಚಿಗೆ ತಕ್ಕ ಬೆಲೆ ಎಂಬ ಒಂದೇ ಮಾತನ್ನು ಹಿಡಿದು ಶೇತಕರಿ ಸಂಘಟನೆ ಕಟ್ಟಿದ್ದರು. ಅವರೂ ಸುಭಾಷ ಜೋಶಿಯವರೂ ಸೇರಿ 1981ರ ಮಾರ್ಚ್ 14ರಂದು ನಿಪ್ಪಾಣಿ ಬಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ರೈತರನ್ನು ಕೂಡಿಸಿದರು. ಸಾವಿರ ಸಾವಿರ ಜನ. ಎತ್ತಿನ ಬಂಡಿಗಳು ಅಡ್ಡ ನಿಂತವು. ರಸ್ತೆಯ ಬದಿಯಲ್ಲೇ ಒಲೆ ಹೂಡಿದರು, ಊರೂರಿನಿಂದ ರೊಟ್ಟಿ ಗಂಟು ಬಂತು, ಭಜನೆ ನಡೆಯಿತು. ಆ ಬೀಡಿಗೆ ಆಂದೋಲನ ನಗರ ಎಂದು ಹೆಸರಾಯಿತು. ಮರಾಠಿ ಮಾತನಾಡುವ ರೈತ, ಕನ್ನಡ ಮಾತನಾಡುವ ರೈತ ಒಂದೇ ಕಂಬಳಿಯಲ್ಲಿ ಮಲಗಿದರು. ಇದನ್ನು ಗಡಿ ತಂಟೆಯ ಕಣ್ಣಿನಿಂದ ನೋಡಿದವರೂ ಇದ್ದರು. ತಕ್ಕಡಿಗೆ ಭಾಷೆ ಇರುವುದಿಲ್ಲವೆಂದು ರಸ್ತೆಯಲ್ಲಿ ಕುಳಿತವರಿಗೆ ಗೊತ್ತಿತ್ತು.

ಇಪ್ಪತ್ತಮೂರು ದಿನ ಹಾಗೆ ಹೋಯಿತು. ಗುಂಡೂರಾಯರ ಸರ್ಕಾರ. ಏಪ್ರಿಲ್ 6ರಂದು ಪೊಲೀಸರು ರಸ್ತೆ ತೆರವಿಗೆ ಇಳಿದರು, ಲಾಠಿ, ಅಶ್ರುವಾಯು, ಆಮೇಲೆ ಗುಂಡು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಬಂಧಿತರಾದವರ ಸಂಖ್ಯೆ ಸಾವಿರಗಳಲ್ಲಿ. ನಾವು ಆಗ ತೊಟ್ಟಿಲಲ್ಲಿದ್ದವರು ಅಥವಾ ಇನ್ನೂ ಹುಟ್ಟದವರು. ಆದರೆ ಆ ದಿನ ಓಣಿಯಲ್ಲಿ ಯಾರು ಯಾರ ಮನೆಯಲ್ಲಿ ಅಡಗಿದರು, ಯಾವ ದಾದಿ ಯಾವ ಮರಾಠರ ಹುಡುಗನ ತಲೆಗೆ ತನ್ನ ದುಪಟ್ಟಾ ಹರಿದು ಕಟ್ಟಿದಳು ಎಂಬ ಮಾತುಗಳನ್ನು ಕೇಳುತ್ತ ಬೆಳೆದೆವು. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಮಮತೆ ಎಂದು ಬೇರೆ ಮಾಡಲು ಜರಡಿ ಇಲ್ಲ.

ಪ್ರತಿ ವರ್ಷ ಏಪ್ರಿಲ್ 6ರಂದು ಹುತಾತ್ಮ ರೈತರಿಗೆ ನಿಪ್ಪಾಣಿಯಲ್ಲಿ ಹಾರ ಹಾಕುತ್ತಾರೆ. ಹಾಕಬೇಕಾದದ್ದೇ. ನಮ್ಮ ತಕರಾರು ಇಷ್ಟೇ: ವಖಾರಿ ಹೆಂಗಸರ ಹೋರಾಟಕ್ಕೆ ಅಂಥ ಒಂದು ತಾರೀಖೂ ಇಲ್ಲ. ಅದು ಬರಿಯ ಕೂಲಿಯ ಜಗಳ, ಇದು ರೈತ ಚಳವಳಿ ಎಂದು ಎರಡನ್ನೂ ಬೇರೆ ಬೇರೆ ಖಾನೆಯಲ್ಲಿ ಇಟ್ಟುಬಿಟ್ಟಿದ್ದೇವೆ. ಆದರೆ ರೈತ ಎದುರಿಸಿದ್ದು ಯಾವ ವ್ಯಾಪಾರಿಯನ್ನೋ ಹೆಂಗಸರು ಎದುರಿಸಿದ್ದೂ ಅವನನ್ನೇ. ಹೊಲದಲ್ಲಿ ಚಿಗುರು ಮುರಿದವಳು, ವಖಾರಿಯಲ್ಲಿ ಜರಡಿ ಹಿಡಿದವಳು, ಮನೆಯಲ್ಲಿ ಬೀಡಿ ಕಟ್ಟಿದವಳು ಹಲವು ಮನೆಗಳಲ್ಲಿ ಅಕ್ಕ, ತಂಗಿ, ನಾದಿನಿ. ದೊಡ್ಡ ಸಾಹುಕಾರನ ಎದುರು ಸಾಲಾಗಿ ನಿಲ್ಲಬಹುದೆಂದು ಈ ಊರಿಗೆ ಮೊದಲು ತೋರಿಸಿದವರು ಆ ಹೆಂಗಸರು. ರೈತರು ಹೆದ್ದಾರಿಗೆ ಬಂದದ್ದು ಆಮೇಲೆ.

ನಮ್ಮ ಸಮಾಜದ ತಪ್ಪು ಇನ್ನೂ ದೊಡ್ಡದು. ಮುಸಲ್ಮಾನರ ಇತಿಹಾಸ ಬರೆಯಿರಿ ಎಂದರೆ ನಾವು ಗೋಲಗುಂಬಜಿನಿಂದ ಶುರುಮಾಡುತ್ತೇವೆ. ಆದಿಲಶಾಹಿಯ ವೈಭವ, ಅವರ ನವರಸ, ಅವರ ತೋಪು. ಆ ದರ್ಬಾರಿನಿಂದ ತಂಬಾಕು ಆಗ್ರಾಕ್ಕೆ ಹೋದದ್ದನ್ನು ನಾವೂ ಈಗಷ್ಟೇ ರುಚಿಯಾಗಿ ಹೇಳಿದೆವಲ್ಲ! ಆದರೆ ಈ ಸೀಮೆಯ ನೂರು ಮುಸಲ್ಮಾನರಲ್ಲಿ ತೊಂಬತ್ತು ಮಂದಿಗೆ ಅರಮನೆಯ ಸಂಬಂಧ ಇರಲಿಲ್ಲ. ನಮ್ಮ ಅಜ್ಜಿಯರು ಶಿಜ್ರಾ ಬಲ್ಲವರಲ್ಲ, ಸಾವಿರದ ಲೆಕ್ಕ ಬಲ್ಲವರು. ಬೆರಳ ತುದಿಯಲ್ಲಿ ಇಪ್ಪತ್ತೈದರ ಕಟ್ಟು ಎಣಿಸುತ್ತ ಮಕ್ಕಳಿಗೆ ಅಲಿಫ್ ಬೇ ಹೇಳಿಕೊಟ್ಟವರು. ಅವರ ಬೀಡಿಯ ದುಡ್ಡಿನಿಂದಲೇ ಮಸೀದಿಯ ಚಂದಾ ಹೋಯಿತು, ನಮ್ಮ ಶಾಲೆಯ ಫೀಸು ಹೋಯಿತು. ಹಾರ ಹಾಕಿಸಿಕೊಂಡ ಜನಾಬರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಹಾಗೆಂದು ಈ ಊರು ಎಲ್ಲವನ್ನೂ ಮರೆತಿದೆಯೆಂದಲ್ಲ. ನಿಪ್ಪಾಣಿಯ ದೊಡ್ಡ ಉರೂಸು ಬಗ್ದಾದಿನ ಪೀರಾನೆ ಪೀರ್ ದಸ್ತಗೀರ್ ಸಾಹೇಬರ ಹೆಸರಿನದು. ಆ ದರ್ಗಾವನ್ನು ಪ್ರತಿಷ್ಠಾಪಿಸಿದವರು ಸಂತ ಬಾಬಾ ಮಹಾರಾಜ ಚವ್ಹಾಣ. ಮರಾಠರ ಮನೆತನದ ಹಿರಿತನದಲ್ಲಿ ಇಂದಿಗೂ ಗಂಧ, ಗಲೇಫದ ಮೆರವಣಿಗೆ ಸಾಗುತ್ತದೆ. ಭೋಜ ಗ್ರಾಮದ ಜೈನ ರೈತ ಮನೆತನದಿಂದ ಹೋಗಿ ದಿಗಂಬರ ಪರಂಪರೆಗೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರ ಮಾತು ಬಂದರೆ ನಮ್ಮ ಹಿರಿಯರು ಕೈ ಎದೆಗಿಟ್ಟುಕೊಳ್ಳುತ್ತಿದ್ದರು. ಹುಳವನ್ನೂ ನೋಯಿಸದ ಧರ್ಮದವರು, ಅಮಲು ಬೇಡವೆಂಬ ದೀನಿನವರು, ದಾಸೋಹದ ಲಿಂಗಾಯತರು, ಎಲ್ಲರೂ ಸೇರಿ ಇದೇ ಎಲೆ ಬೆಳೆದರು. ಬೆಳೆದವರಲ್ಲಿ ಎಷ್ಟೋ ಜನ ಅದನ್ನು ಬಾಯಿಗೆ ಮುಟ್ಟಿಸಿದವರಲ್ಲ. ತಪ್ಪೋ ಸರಿಯೋ ಎಂದು ಕೇಳುವಷ್ಟು ಆರಾಮ ಹೊಟ್ಟೆ ತುಂಬಿದವರಿಗೆ ಇರುತ್ತದೆ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ, ಅದು ಕಡಿಮೆಯಾಗಲೇಬೇಕು, ಇದರಲ್ಲಿ ನಮಗೆ ಎರಡು ಮಾತಿಲ್ಲ. ಬೀಡಿ ಕಟ್ಟಿನ ಮೇಲೆ ಹುಣ್ಣಿನ ಚಿತ್ರ 2016ರಿಂದ ದೊಡ್ಡದಾಗಿಯೇ ಅಚ್ಚಾಗುತ್ತಿದೆ. ಕಟ್ಟಿದವಳ ಎದೆಯೊಳಗಿನ ಚಿತ್ರವನ್ನು ಯಾರೂ ಅಚ್ಚು ಮಾಡಲಿಲ್ಲ.

ಕಾಲ ಬದಲಾಗಿದೆ. ಕಾಳಮ್ಮವಾಡಿ ಅಣೆಕಟ್ಟಿನಿಂದ ದೂಧಗಂಗೆಗೆ ನೀರು ಬಂದ ಮೇಲೆ, ಹಾಲಸಿದ್ಧನಾಥ ಕಾರ್ಖಾನೆಯಂಥವು ಎದ್ದ ಮೇಲೆ, ತಂಬಾಕಿನ ಹೊಲ ಕಬ್ಬಿಗೆ ತಿರುಗಿತು. ಕಬ್ಬಿಗೆ ಚಿಗುರು ಮುರಿಯುವ ಕೆಲಸವಿಲ್ಲ, ಹೆಂಗಸರ ಕೈಗೆ ಕೂಲಿಯೂ ಅಷ್ಟಿಲ್ಲ. ಹಲವು ವಖಾರಿಗಳ ಬಾಗಿಲು ಮುಚ್ಚಿವೆ, ಕೆಲವು ಮಂಗಲ ಕಾರ್ಯಾಲಯಗಳಾಗಿವೆ. ಬೇಸಿಗೆಯ ಮದುವೆಯಲ್ಲಿ ಗೋಡೆ ಬೆವರಿದರೆ ಇಂದಿಗೂ ಹಳೆಯ ಘಾಟು ಬರುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ ಶೇ. 28ರ ತೆರಿಗೆ ಬಿತ್ತು. ಅದೇ ಹೊತ್ತಿಗೆ, ಬೀಡಿ ಉತ್ಪಾದನೆಯ ಮೇಲೆ ಎತ್ತಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದ ಸೆಸ್ಸನ್ನು ರದ್ದು ಮಾಡಿದರು. 1966ರ ಕಾನೂನು 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಕರಗಿತು. ಐವತ್ತೊಂಬತ್ತು ವರ್ಷ ಅದು ಬೀಡಿಯವರ ಹೆಸರು ಹೊತ್ತು ನಿಂತಿತ್ತು.

ನಮ್ಮ ಖಾಲಾ ಒಬ್ಬರು ಹನ್ನೆರಡನೆಯ ವಯಸ್ಸಿನಿಂದ ಬೀಡಿ ಕಟ್ಟಿದವರು. ಪುಣ್ಯಕ್ಕೆ ಪಾಸ್ ಪುಸ್ತಕ ಅವರ ಹೆಸರಿನಲ್ಲೇ ಇತ್ತು, ಹಾಗಾಗಿ ಭವಿಷ್ಯ ನಿಧಿಯ ಪಿಂಚಣಿ ಬರುತ್ತದೆ, ತಿಂಗಳಿಗೆ ಸಾವಿರ ರೂಪಾಯಿ. ಆ ಸಾವಿರಕ್ಕೆ ಅವರು ನಗುತ್ತಾರೆ, ಜೀವಮಾನವೆಲ್ಲ ಎಣಿಸಿದ ಅಂಕಿಯೇ ತಿರುಗಿ ಬಂದಿದೆಯೆಂದು. ವರ್ಷಕ್ಕೊಮ್ಮೆ ತಾವು ಜೀವಂತ ಇರುವುದನ್ನು ಯಂತ್ರದ ಮೇಲೆ ಬೆರಳಿಟ್ಟು ರುಜುವಾತು ಮಾಡಬೇಕು. ಕಳೆದ ಸಲ ನಾವೇ ಕರೆದುಕೊಂಡು ಹೋಗಿದ್ದೆವು. ಹೆಬ್ಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ತೋರುಬೆರಳು ಇಟ್ಟರು, ಒಪ್ಪಲಿಲ್ಲ. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು. ಕತ್ತರಿಯ ಹಿಡಿ, ಎಲೆಯ ಅಂಚು, ದಾರದ ತಿಕ್ಕಾಟ, ಇವೆಲ್ಲ ಸೇರಿ ಅರವತ್ತು ವರ್ಷದಲ್ಲಿ ಗೆರೆಗಳನ್ನು ಸವೆಸಿಬಿಟ್ಟಿದ್ದವು. ಕೌಂಟರಿನ ಹುಡುಗ ಒಳ್ಳೆಯವನು, ಅಜ್ಜಿ ಇನ್ನೊಂದು ಕೈ ಕೊಡಿ ಎಂದ. ಖಾಲಾ ಎರಡೂ ಅಂಗೈಗಳನ್ನು ಮೇಲೆ ಮಾಡಿ, ದುವಾಕ್ಕೆ ಹಿಡಿದಂತೆ, ಅವನ ಮುಂದೆ ಹಿಡಿದರು.